ಹೆಸರು ಕೊರೆಯುವುದು ಉಚಿತ

ಎದುರು ಮನೆಯ ಗುರುದೇವಿ ನೋಡಿ ನೋಡಿ ಹೊಟ್ಟೆ ಉರಿದುಕೊಳ್ಳುವ ಹಾಗೆ ನನ್ನ ಮನೆಯನ್ನು ಸಿಂಗರಿಸದಿದ್ದರೆ ನಾನು ಜಗದಾಂಬಾ ಅಲ್ಲ! ಒಂದು ಸೋಮವಾರ ಬೆಳಿಗ್ಗೆ ಮಗುಚುವ ಕೈಯನ್ನು ಗದೆಯಂತೆ ಎತ್ತಿ ಹಿಡಿದು ನಾನು ಮಾಡಿದ ಶಪಥ ಇದು. ಸಾಕ್ಷಿಗೆ ಇದ್ದವರು ನನ್ನ ಯಜಮಾನರಾದ ಸುಬ್ರಮಣಿ, ಮಗಳು ಮತ್ತು ಕಾವಲಿಯ ಮೇಲಿನ ದೋಸೆ.

"ದೋಸೆ ಸೀದೋಗ್ತಾ ಇದೆ ಕಣೇ" ಎಂದರು ಯಜಮಾನರು. ಇತಿಹಾಸ ನಿರ್ಮಾಣವಾಗುವ ಹೊತ್ತಿನಲ್ಲೂ ಗಂಡಸರಿಗೆ ತಟ್ಟೆಯದೇ ಚಿಂತೆ.

ನಮ್ಮ ಮನೆ ಚಂದ್ರಾ ಲೇಔಟ್‌ನಲ್ಲಿ, ಪಾತ್ರೆ ಅಂಗಡಿ ಬ್ಯಾಡರಹಳ್ಳಿಯಲ್ಲಿ. ಅಷ್ಟು ದೂರ ಯಾಕೆ ಎಂದು ಕೇಳುವವರಿಗೆ ವ್ಯಾಪಾರ ಗೊತ್ತಿಲ್ಲ. ಗೃಹಪ್ರವೇಶ ಎಲ್ಲಿ ನಡೆಯುತ್ತದೋ ಪಾತ್ರೆ ಅಲ್ಲಿ ಓಡುತ್ತದೆ. ಬ್ಯಾಡರಹಳ್ಳಿ ಕಡೆ ದಿನಾ ಯಾರದೋ ಹೊಸ ಮನೆಯಲ್ಲಿ ಹಾಲು ಉಕ್ಕುತ್ತಿರುತ್ತದೆ. ಉಕ್ಕುವ ಪಾತ್ರೆ ನಮ್ಮದು! ಹಳೆಯ ಪಾತ್ರೆ ತಂದರೆ ತೂಕಕ್ಕೆ ಹಾಕಿಕೊಂಡು ಹೊಸದು ಕೊಡುತ್ತೇವೆ. ಏನೇ ಕೊಂಡರೂ ಹೆಸರು ಕೊರೆಯುವುದು ಉಚಿತ ಎಂದು ಬಾಗಿಲಿನ ಮೇಲೆ ದೊಡ್ಡ ಬೋರ್ಡ್ ಇದೆ. ಮೆಷಿನ್ ಹಿಡಿದು ಕೊರೆಯುವವಳು ಖುದ್ದು ನಾನೇ. 'ಅತ್ತೆಗೆ ಸೊಸೆಯ ಪ್ರೀತಿಯ ಕಾಣಿಕೆ' ಎಂದು ನಾನು ಕೊರೆದುಕೊಟ್ಟ ಕೊಳಗಗಳನ್ನು ಸಾಲಾಗಿ ಜೋಡಿಸಿದರೆ ಜ್ಞಾನಭಾರತಿ ಮುಟ್ಟುತ್ತವೆ. ಪ್ರೀತಿ ಎಷ್ಟಿತ್ತು ಎಂಬುದು ಸೊಸೆ ಆರಿಸಿದ ತಗಡಿನ ದಪ್ಪ ನೋಡಿದರೆ ನನಗೆ ತಿಳಿದುಬಿಡುತ್ತಿತ್ತು, ಆ ಮಾತು ಬೇರೆ.

ಅಂಗಡಿಯಲ್ಲಿ ನನ್ನದು ಒಂದೇ ಕಾನೂನು. ಒಳಗೆ ಬಂದ ಸರಕು ಬೇರು ಬಿಡಬಾರದು! ಯಜಮಾನರದು ಗಿರಾಕಿಯನ್ನು ಕೂರಿಸಿಕೊಂಡು ಅವರ ಮಂಡಿನೋವು ವಿಚಾರಿಸಿ ಬರಿಗೈಯಲ್ಲಿ ಕಳಿಸುವ ಸ್ವಭಾವ. ಮದುವೆಯಾದಾಗಿನಿಂದ ಈ ಕಾನೂನನ್ನು ಅವರಿಗೆ ಬೈದು ಬೈದು ಕಲಿಸಿದ್ದೇನೆ. ಇದನ್ನು ನೆನಪಿಟ್ಟುಕೊಳ್ಳಿ. ನಾನು ಮರೆತೆ, ಕೆಟ್ಟೆ.

ಈಗ ಗುರುದೇವಿಗೆ ಬರುತ್ತೇನೆ. ಬೆಳಗಾವಿ ಕಡೆಯವಳು. ಹೋದ ವರ್ಷ ಎದುರು ಮನೆಗೆ ಬಾಡಿಗೆಗೆ ಬಂದಳು. ತನ್ನ ಮನೆಯ ಮೂಲೆ ಮೂಲೆಯನ್ನೂ ಫೋನಿನಲ್ಲಿ ಹಿಡಿದು 'ಗುರುದೇವಿಯ ಗೂಡು' ಎಂಬ ಹೆಸರಿನಲ್ಲಿ ರೀಲ್ಸ್ ಹಾಕುತ್ತಾಳೆ. ಕಿಟಕಿಯ ಪರದೆ ಅಲ್ಲಾಡಿದರೂ ಸಾವಿರ ಜನ ಹೃದಯ ಒತ್ತುತ್ತಾರೆ. ನಾನು ಬೀದಿಗೆಲ್ಲ ಕೇಳುವ ಹಾಗೆ ಪರದೆ ಕೊಡವಿದರೂ ಕೆಳಗಿನ ಮನೆಯವರು ಬೈಯುತ್ತಾರೆ, ಅಷ್ಟೇ.

ಮೊದಲ ಸಲ ಅವಳ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ಒಂದು ದೀಪ ತೂಗುತ್ತಿತ್ತು. ಗೋಡೆಯ ತುಂಬ ನಕ್ಷತ್ರ ಚೆಲ್ಲಿದಂಥ ಬೆಳಕು!

"ಎಲ್ಲಿ ತಗೊಂಡ್ರಿ ಇದನ್ನ?" ಎಂದೆ, ಹೊಟ್ಟೆಕಿಚ್ಚನ್ನು ನಗುವಿನಲ್ಲಿ ಮುಚ್ಚಿ.

"ಅಯ್ಯ, ನಿಮ್ಮ ಅಂಗಡಿದ ತೂತಿನ ಬುಟ್ಟಿನ ರೀ ಅಕ್ಕಾರ! ಬೋರಲ ಹಾಕಿ ಒಳಗ ಬಲ್ಬ್ ಇಟ್ಟೇನಿ. ಛಲೋ ಕಾಣಸ್ತೈತಿ ಹೌದಿಲ್ರಿ?"

ಸೊಪ್ಪು ತೊಳೆಯುವ ಬುಟ್ಟಿ! ಇಷ್ಟು ವರ್ಷ ಆ ಬುಟ್ಟಿಯನ್ನು ಮಾರುತ್ತಾ ಬಂದ ನನಗೆ ಅದರಲ್ಲಿ ತೂತು ಮಾತ್ರ ಕಂಡಿತ್ತು. ಅವಳಿಗೆ ನಕ್ಷತ್ರ ಕಂಡಿದೆ. ಅವಳು ಜಂಬದವಳಾಗಿದ್ದರೆ ಎಷ್ಟು ಸುಖವಿತ್ತು! ಮನಸಾರೆ ಬೈಯಬಹುದಿತ್ತು. ಆದರೆ ಆ ಪಾಪಿ ಒಳ್ಳೆಯವಳು. ಚಹಾ ಕೊಟ್ಟಳು, ಕರದಂಟು ಕಟ್ಟಿಕೊಟ್ಟಳು. ಅಸೂಯೆ ಪಡಲೂ ನೆಮ್ಮದಿ ಕೊಡದ ಹೆಂಗಸು.

ಇಷ್ಟನ್ನೂ ಸಹಿಸಿಕೊಂಡಿದ್ದೆ. ಆದರೆ ಆ ಸೋಮವಾರ ಬೆಳಿಗ್ಗೆ ನನ್ನ ಮಗಳು ಇಂಚರ ತಿಂಡಿಗೆ ಕೂತು ಬಾಂಬು ಹಾಕಿದಳು.

"ಅಮ್ಮಾ, ಶುಕ್ರವಾರ ನನ್ನ ಬರ್ತ್‌ಡೇನ ಗುರುದೇವಿ ಆಂಟಿ ಮನೇಲಿ ಮಾಡ್ಕೋತೀನಿ."

"ಯಾಕೇ? ನಿಂಗೆ ಸ್ವಂತ ಮನೆ ಇಲ್ವಾ?"

"ಇದೆ. ಆದ್ರೆ ನಮ್ಮನೇಲಿ ಬ್ಯಾಕ್‌ಗ್ರೌಂಡೇ ಇಲ್ಲಮ್ಮಾ! ಎಲ್ಲಿ ನಿಂತು ಫೋಟೋ ತೆಗೆದ್ರೂ ಹಿಂದೆ ಕುಕ್ಕರ್ ಡಬ್ಬ ಬರುತ್ತೆ."

ಹೆತ್ತು, ಸಾಕಿ, ಪ್ರತಿ ವರ್ಷ ಕೈಯಾರೆ ಗಸಗಸೆ ಪಾಯಸ ಮಾಡಿ ಬಡಿಸಿದ ತಾಯಿ ನಾನು. ಹುಟ್ಟುಹಬ್ಬ ಎದುರು ಮನೆಗೆ! ಬಂಧುಗಳೆಲ್ಲ ನಮ್ಮ ಗೇಟು ದಾಟಿ ಆ ಗೇಟಿಗೆ ಹೋಗುವುದು! ಅಲ್ಲಿ ನಾನು ನೆಂಟರಂತೆ ಮೂಲೆಯಲ್ಲಿ ಕೂತು ಕೇಕ್ ತಿನ್ನುವುದು! ಆಗಲೇ ನನ್ನ ಕೈ ಗದೆಯಾದದ್ದು.

"ಶುಕ್ರವಾರದೊಳಗೆ ಬ್ಯಾಕ್‌ಗ್ರೌಂಡ್ ರೆಡಿ ಇರುತ್ತೆ. ಪಾರ್ಟಿ ಇಲ್ಲೇ!" ಎಂದೆ.

ಅತ್ತೆ ಪಟಾಲಮ್ಮನವರು ಜ್ಞಾನಭಾರತಿ ಹತ್ತಿರದ ಮಗಳ ಮನೆಗೆ ಹೋಗಿದ್ದರು. ಹುಟ್ಟುಹಬ್ಬದ ದಿನವೇ ವಾಪಸು ಬರುವವರಿದ್ದರು. ಅವರಿದ್ದರೆ ಒಂದು ಹಳೆಯ ಪೊರಕೆಯನ್ನೂ ಎಸೆಯಲು ಬಿಡುವುದಿಲ್ಲ. ದೇವರೇ ಅವಕಾಶ ಕೊಟ್ಟಿದ್ದಾನೆ ಅಂದುಕೊಂಡೆ. ಅಂಗಡಿಯನ್ನು ಶುಕ್ರವಾರದವರೆಗೆ ಯಜಮಾನರಿಗೆ ವಹಿಸಿ ಮನೆಯಲ್ಲೇ ಉಳಿದೆ.

ಸಾಮಾನು ಕಡಿಮೆ ಇದ್ದಷ್ಟೂ ಮನೆಗೆ ಸ್ಟೈಲ್ ಹೆಚ್ಚು ಎಂದು ಫೋನಿನಲ್ಲಿ ಒಬ್ಬಾಕೆ ಹೇಳುತ್ತಿದ್ದಳು. ವ್ಯಾಪಾರಿಗೆ ಇದಕ್ಕಿಂತ ಸಿಹಿ ಮಾತುಂಟೇ? ಏನೂ ಕೊಳ್ಳಬೇಕಾಗಿಲ್ಲ, ಇರುವುದನ್ನು ಸಾಗಿಸಿದರೆ ಸಾಕು! ಪಾರ್ಟಿ ಮುಗಿಯುವವರೆಗೆ ಅಂಗಡಿಯಲ್ಲಿರಲಿ, ಬೇಕಾದ್ದನ್ನು ತರಿಸಿಕೊಂಡರಾಯಿತು ಎಂದು ಗೂಡ್ಸ್ ಆಟೋ ಕರೆಸಿದೆ. ಕುಕ್ಕರ್ ಡಬ್ಬಗಳು ಹೋದವು. ಷೋಕೇಸ್ ಹೋಯಿತು. ಮದುವೆಗೆ ಬಂದ, ಒಂದಕ್ಕೊಂದು ಹೊಂದದ ಸಮಯ ತೋರಿಸುವ ಗಡಿಯಾರಗಳು ಹೋದವು. ಸೋಫಾ, ಕುರ್ಚಿಗಳು, ತಟ್ಟೆ ಲೋಟದ ಸ್ಟ್ಯಾಂಡ್ ಹೋದವು. ಕೊನೆಗೆ ಹಾಲಿನ ಮೂಲೆಯಲ್ಲಿ ಕೊಡೆಗಳನ್ನೂ ಕರೆಂಟ್ ಬಿಲ್ಲುಗಳನ್ನೂ ಹೊಟ್ಟೆಯಲ್ಲಿ ತುಂಬಿಕೊಂಡು ಕೂತಿದ್ದ ಅತ್ತೆಯ ಹಳೆಯ ಹಂಡೆಯೂ ಹೋಯಿತು. ಅತ್ತೆಗೆ ತವರಿನಲ್ಲಿ ಕೊಟ್ಟದ್ದಂತೆ. ವರ್ಷಾನುಗಟ್ಟಲೆ ಸೌದೆ ಒಲೆಯ ಮೇಲೆ ಕೂತು ಮಸಿ ಹಿಡಿದು, ಅದು ತಾಮ್ರವೋ ಕಬ್ಬಿಣವೋ ದೇವರಿಗೇ ಗೊತ್ತು ಎಂಬಂತಿತ್ತು.

ಯಜಮಾನರಿಗೆ ಫೋನ್ ಮಾಡಿ, "ರೀ, ಸಾಮಾನು ಕಳಿಸಿದೀನಿ, ಇಳಿಸ್ಕೊಳ್ಳಿ" ಎಂದೆ. ಅಷ್ಟರಲ್ಲಿ ಪೇಂಟಿನವನು, "ಆಂಟಿ, ಬಿಳಿನಾ, ಕೆನೆ ಬಣ್ಣಾನಾ?" ಎಂದು ಕೂಗಿದ. ಫೋನ್ ಇಟ್ಟೆ. ಇನ್ನೊಂದೇ ಒಂದು ವಾಕ್ಯ ಹೇಳಿ ಇಟ್ಟಿದ್ದರೆ ಈ ಬರಹವೇ ಹುಟ್ಟುತ್ತಿರಲಿಲ್ಲ.

ಗುರುವಾರ ಸಂಜೆಗೆ ಮನೆ ಸಿದ್ಧವಾಯಿತು. ಕೆನೆ ಬಣ್ಣದ ಗೋಡೆ. ಒಂದು ಚಾಪೆ. ಒಂದು ಹೂಜಿ, ಅದರಲ್ಲಿ ಒಂದು ಒಣಕಡ್ಡಿ. ಕೆಮ್ಮಿದರೆ ಮೂರು ಸಲ ಪ್ರತಿಧ್ವನಿ! ಅಂಗಡಿ ಮುಚ್ಚಿ ಬಂದ ಯಜಮಾನರು ಬಾಗಿಲಲ್ಲೇ ನಿಂತರು.

"ಏನೇ ಇದು! ನೋಡಿದೋರು ಕಳ್ಳತನ ಆಯ್ತಾ ಅಂತಾರೆ!"

"ಸ್ಟೈಲ್ ಆಯ್ತು."

"ಕೂರೋದೆಲ್ಲಿ?"

"ಕೂರೋಕಲ್ಲ ರೀ ಇದು. ನೋಡೋಕೆ."

ಅವರು ನಿಂತೇ ಊಟ ಮಾಡಿದರು. ಇಂಚರ ಮಾತ್ರ ಗೋಡೆಯಿಂದ ಗೋಡೆಗೆ ಓಡಾಡಿ, "ಅಮ್ಮಾ, ಸಕ್ಕತ್ತಾಗಿದೆ! ಪಾರ್ಟಿ ಇಲ್ಲೇ" ಎಂದಳು. ನನ್ನ ಎದೆ ಒಂದು ಅಡಿ ಮುಂದೆ ಬಂತು. ಗೆದ್ದೆ!

ಗೆಲುವು ರಾತ್ರಿಯಿಡೀ ಉಳಿಯಿತು. ಶುಕ್ರವಾರ ಮಧ್ಯಾಹ್ನ ಇಂಚರ ಫೋನ್ ಹಿಡಿದುಕೊಂಡು ಮುಖ ಸಣ್ಣಗೆ ಮಾಡಿ ಬಂದಳು.

"ಎಲ್ಲಾ ಸರಿ ಅಮ್ಮಾ, ಆದ್ರೆ ಕಣ್ಣು ನಿಲ್ಲೋ ಅಂಥ ಒಂದು ಪೀಸ್ ಬೇಕಿತ್ತು. ನೋಡು, ಆಂಟಿ ಹೊಸಾ ರೀಲ್."

ನೋಡಿದೆ. ಗುರುದೇವಿಯ ಹಾಲಿನ ನಟ್ಟನಡುವೆ, ಉದಯದ ಸೂರ್ಯನೇ ಬಂದು ಕೂತಂತೆ, ಕೆಂಪಗೆ ಧಗಧಗ ಹೊಳೆಯುವ ಒಂದು ತಾಮ್ರದ ಹಂಡೆ! ಬಾಯಿ ತುಂಬ ಸುಗಂಧರಾಜ. ಪಾತ್ರೆಯ ಮಧ್ಯೆಯೇ ಬಾಳಿದ ನನ್ನಂಥವಳ ಬಾಯಿಂದಲೂ, "ಎಂಥಾ ಕೆಲಸ ಕಣೇ! ಆ ಕಂಠ ನೋಡು, ಆ ಹೊಟ್ಟೆ ನೋಡು. ಇಂಥದ್ದು ಈಗ ದುಡ್ಡು ಕೊಟ್ರೂ ಸಿಗಲ್ಲ" ಎಂಬ ಮಾತು ಹೊರಬಿತ್ತು.

"ನಮ್ಮತ್ರ ಯಾಕಮ್ಮಾ ಇಂಥದ್ದೆಲ್ಲ ಇರಲ್ಲ?"

"ಇಲ್ಲ ಅಂತ ಯಾರು ಹೇಳಿದ್ದು?" ಎಂದು ಎದ್ದು ನಿಂತೆ. ಅತ್ತೆಯ ಹಂಡೆ ನೆನಪಾಗಿತ್ತು! ಹುಣಸೆಹಣ್ಣು ಹಾಕಿ ತಿಕ್ಕಿದರೆ ಅವಳದಕ್ಕಿಂತ ಮಿಗಿಲಾಗಿ ಹೊಳೆಯದೇ? ತಕ್ಷಣ ಅಂಗಡಿಗೆ ಫೋನ್ ಮಾಡಿದೆ.

"ರೀ, ಅತ್ತೆ ಹಂಡೇನ ಈಗ್ಲೇ ಮನೆಗೆ ಕಳಿಸಿ."

ಆ ಕಡೆ ಒಂದು ಹೆಮ್ಮೆಯ ಗುಟುಕು ನಗು. "ಅದೆಲ್ಲಿದೆ ಈಗ! ಮೊನ್ನೇನೇ ಮಾರಿಬಿಟ್ಟೆ ಕಣೇ."

"ಏನಂದ್ರಿ?"

"ನೀನೇ ಕಳಿಸಿದ್ಯಲ್ಲ? ಅಮ್ಮನ್ನ ಕೇಳೇ ಕಳಿಸಿರ್ತೀಯ ಅನ್ಕೊಂಡು ಹಳೇ ಪಾತ್ರೆ ಜೊತೆ ಇಟ್ಟೆ. ಒಳಗೆ ಬಂದ ಸರಕು ಬೇರು ಬಿಡಬಾರದು ಅಂತ ದಿನಾ ಬೈತಿರ್ತೀಯ. ನೋಡು, ಈ ಸಲ ಏನನ್ನೂ ಕೂರಿಸ್ಕೊಂಡಿಲ್ಲ! ಕುರ್ಚಿ, ತಟ್ಟೆ, ಲೋಟ ಎಲ್ಲಾ ಶಾಮಿಯಾನದ ದೇವೇಂದ್ರಪ್ಪ ಗೃಹಪ್ರವೇಶಕ್ಕೆ ಬಾಡಿಗೆಗೆ ತಗೊಂಡೋದ. ಸೋಫಾ ಮೇಲೆ ಗಿರಾಕಿಗಳು ಆರಾಮಾಗಿ ಕೂತಿದಾರೆ."

"ಹಂಡೆ ಯಾರಿಗೆ ಮಾರಿದ್ರಿ?"

"ನಮ್ಮೋರಿಗೇ ಕಣೇ! ಎದುರು ಮನೆ ಗುರುದೇವಮ್ಮ. ಈ ಕಡೆ ಯಾರ್ದೋ ಮನೆಗೆ ಬಂದಿದ್ರಂತೆ, ನೋಡಿದ್ ತಕ್ಷಣ ತಬ್ಕೊಂಡ್ ಬಿಟ್ರು."

ಫೋನು ಕೈಯಿಂದ ಜಾರಿ ಚಾಪೆಯ ಮೇಲೆ ಬಿತ್ತು. ಬೀಳಲು ಬೇರೆ ಸಾಮಾನು ಯಾವುದೂ ಇರಲಿಲ್ಲ.

ಗುರುದೇವಿಯ ಬಳಿ ಹೋಗಿ ಕೇಳಬಹುದಿತ್ತು. ಏನೆಂದು ಕೇಳುವುದು? 'ನಿಮ್ಮಂತೆ ಸ್ಟೈಲ್ ಮಾಡಲು ಹೋಗಿ ಅತ್ತೆಯ ಹಂಡೆಯನ್ನು ನಿಮಗೇ ಮಾರಿದ್ದೇವೆ, ದಯವಿಟ್ಟು ಕೊಡಿ' ಎಂದೇ? ಅದಕ್ಕಿಂತ ಹಂಡೆಯೊಳಗೆ ಇಳಿದು ಕೂರುವುದು ಮೇಲು! ಇಷ್ಟರಲ್ಲಿ ಗೇಟಿನ ಸದ್ದು. ಅತ್ತೆ! ಚಪ್ಪಲಿ ಬಿಡುವ ಮುಂಚೆಯೇ ಅವರ ಕಣ್ಣು ಮೂಲೆಗೆ ಹೋಯಿತು.

"ನನ್ ಹಂಡೆ ಎಲ್ಲೇ?"

"ಪಾಲಿಶ್‌ಗೆ ಕೊಟ್ಟಿದೀನಿ ಅತ್ತೆ."

"ಹಂಡೆ ಪಾಲಿಶ್‌ಗೆ ಹೋಯ್ತು ಸರಿ. ಸೋಫಾನೂ ಪಾಲಿಶ್‌ಗೆ ಹೋಯ್ತಾ?"

ಅಷ್ಟರಲ್ಲಿ ಇಂಚರಳ ಗೆಳತಿಯರ ದಂಡು ಬಂತು. ನಾದಿನಿಯ ಸಂಸಾರ ಬಂತು. ನನ್ನ ತವರಿನ ಕಡೆಯಿಂದ ಬಂದ ಮಂಡಿನೋವಿನ ಏಕಾಂತಯ್ಯ ಮಾವ ಕುರ್ಚಿಗಾಗಿ ಸುತ್ತಲೂ ನೋಡಿ, ಸಿಗದೆ, ಹೂಜಿಯ ಒಣಕಡ್ಡಿಯನ್ನು ಕಿತ್ತು ಊರಿಕೊಂಡು ನಿಂತರು. ಅದು ಪಟಕ್ಕನೆ ಮುರಿಯಿತು. ನನ್ನ ಅಲಂಕಾರದ ಅರ್ಧ ಭಾಗ ಅಲ್ಲಿಗೆ ಮುಗಿಯಿತು. ಪಾಯಸ ಇತ್ತು, ಹಾಕಿ ಕೊಡಲು ಒಂದು ಲೋಟವಿರಲಿಲ್ಲ. ಪಾತ್ರೆ ಅಂಗಡಿಯವರ ಮನೆಯಲ್ಲಿ!

ಆಗ ಎದುರಿನ ಬಾಲ್ಕನಿಯಿಂದ ಜೇನಿನಂಥ ಧ್ವನಿ ತೇಲಿ ಬಂತು.

"ಅಕ್ಕಾರ, ಯಾಕ ಎಲ್ಲಾರೂ ನಿಂತೀರಿ? ಪೇಂಟ್ ಇನ್ನಾ ಹಸಿ ಐತೇನ್ರಿ? ನಮ್ಮ ಮನಿ ಐತಲ್ಲ, ಪಾಯಸ ತಗೊಂಡು ಇಲ್ಲೇ ಬಂದಬಿಡ್ರಿ!"

ನಾನು ಬಾಯಿ ತೆರೆಯುವ ಮುನ್ನವೇ ದಂಡು ರಸ್ತೆ ದಾಟಿತ್ತು. ಎಲ್ಲರಿಗಿಂತ ಮುಂದೆ ಏಕಾಂತಯ್ಯ ಮಾವ.

ಇಂಚರ ಹಂಡೆಯ ಮುಂದೆ ನಿಂತು ಕೇಕ್ ಕತ್ತರಿಸಿದಳು. ನಾನು ನೆಂಟರಂತೆ ಮೂಲೆಯಲ್ಲಿ ಕೂತಿದ್ದೆ. ಕಣ್ಣು ಅತ್ತೆಯ ಮೇಲಿತ್ತು. ಅವರು ಮೆಲ್ಲಗೆ ಹಂಡೆಯ ಹತ್ತಿರ ಹೋದರು. ಅದರ ಕಂಠವನ್ನು ಸವರಿದರು. ಬೆರಳು ಒಂದು ಕಡೆ ನಿಂತಿತು. ಹಿಂದಿನ ಕಾಲದಲ್ಲಿ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆಯುತ್ತಿದ್ದ ಹೆಸರು. ಮಸಿ ಹೋದ ಮೇಲೆ ಮೇಲೆದ್ದು ಬಂದಿತ್ತು.

ಅತ್ತೆ ನನ್ನ ಕಡೆ ತಿರುಗಿದರು.

"ಪಾಲಿಶ್ ಚೆನ್ನಾಗಿ ಮಾಡಿದಾರೆ ಕಣೇ ಜಗದಾಂಬಾ."

ಕೇಕಿನ ತಟ್ಟೆಯನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡೆ. ಬೀದಿಯವರಿಗೆಲ್ಲ ಅತ್ತೆ ಬರೀ 'ಅಜ್ಜಿ'. ಅವರ ಹೆಸರು ಗುರುದೇವಿಗೆ ತಿಳಿಯದು. ಅವಳು ಸಂಭ್ರಮದಿಂದ ಬಂದಳು.

"ಅಜ್ಜಿ, ನೋಡ್ರಿ, ಯಾರೋ ಪಟಾಲಮ್ಮ ಅನ್ನೋರದಂತ ಇದು. ಯಾರ ಮನಿ ಹಿರಿ ಜೀವಾನೋ ಏನೋ. ಇಂಥಾದ್ದನ್ನ ಮಾರಾಕ ಆ ಮನಿಯವರಿಗೆ ಹೆಂಗರ ಮನಸ್ಸು ಬಂತು!"

"ಅದೇ ನಾನೂ ಯೋಚ್ನೆ ಮಾಡ್ತಿದೀನಿ ಕಣಮ್ಮ" ಎಂದರು ಅತ್ತೆ, ನನ್ನನ್ನೇ ನೋಡುತ್ತಾ. "ಹೋಗ್ಲಿ ಬಿಡು. ಆ ಮನೇಲಿ ಇದರ ಬಾಯಿಗೆ ಕರೆಂಟ್ ಬಿಲ್ಲು ತುರುಕಿದ್ರೋ ಏನೋ. ನೀನು ಹೂವಿಟ್ಟಿದೀಯ. ಇಲ್ಲೇ ಇರ್ಲಿ. ನಾನು ದಿನಾ ಬಂದು ನೋಡ್ಕೊಂಡು ಹೋಗ್ತೀನಿ."

"ದಿನಾ ಬರ್ರಿ ಅಜ್ಜಿ, ಚಾ ಕುಡದು ಹೋಗೀರಂತ! ಆಮ್ಯಾಲ ಅಕ್ಕಾರ, ಈ ಹೆಸರಿನ ಕೆಳಗ ನನ್ನ ಹೆಸರೂ ಕೊರದು ಕೊಡ್ತೀರೇನ್ರಿ? ಉಚಿತ ಅಂತ ನಿಮ್ಮ ಬೋರ್ಡ್ ಮ್ಯಾಲ ಐತಲ್ರಿ?"

"ಕೊರೀತಾಳೆ, ಕೊರೀದೆ ಏನು!" ಎಂದರು ಅತ್ತೆ. "ಬರೀ ಹೆಸರು ಸಾಲದು ಕಣೇ ಜಗದಾಂಬಾ. ಕೊಟ್ಟೋರು ಯಾರು ಅಂತಾನೂ ಬೇಕಲ್ಲ, ನಿಮ್ಮ ಅಂಗಡಿ ಪದ್ಧತಿ. 'ಗುರುದೇವಿಗೆ ಜಗದಾಂಬಾಳ ಪ್ರೀತಿಯ ಕಾಣಿಕೆ' ಅಂತ ದಪ್ಪಗೆ ಹಾಕು."

ಮರುದಿನ ಬೆಳಿಗ್ಗೆ ಮೆಷಿನ್ ತಂದು ಗುರುದೇವಿಯ ಹಾಲಿನಲ್ಲಿ ಕೂತೆ. ಅಲ್ಲಿ ಅಂಗಡಿಯಲ್ಲಿ ನನ್ನದೇ ಸೋಫಾದ ಮೇಲೆ ಗಿರಾಕಿಗಳು ಕೂತಿದ್ದಾಗ ನಾನು ಇಲ್ಲಿ ನೆಲದ ಮೇಲೆ ಕೂತು, 'ಪ್ರೀತಿಯ' ಎಂಬ ಪದವನ್ನು ಹಲ್ಲು ಕಚ್ಚಿಕೊಂಡು ಕೊರೆಯುತ್ತಿದ್ದೆ. ಅತ್ತೆ ಪಕ್ಕದಲ್ಲಿ ಚಹಾ ಹೀರುತ್ತಾ ಅಕ್ಷರ ನೆಟ್ಟಗಿದೆಯೇ ಎಂದು ಪರೀಕ್ಷಿಸುತ್ತಿದ್ದರು. ನನ್ನ ಮಗಳು ಫೋನಿಗೆ ಬೆಳಕು ಸರಿಯಾಗಿ ಬೀಳಲೆಂದು ಪರದೆ ಸರಿಸುತ್ತಿದ್ದಳು. ಗುರುದೇವಿ ರೀಲ್ ತೆಗೆಯುತ್ತಿದ್ದಳು.

"ಅಕ್ಕಾರ, ಮುಖ ಯಾಕ ಹಂಗ ಮಾಡೀರಿ? ಪ್ರೀತಿ ಅಂತ ಕೊರಿಯಾಕತ್ತೀರಲ್ರಿ, ಒಂಚೂರು ನಕ್ಕೋಂತ ಕೊರೀರಿ!"

ನಕ್ಕೆ. ಆ ನಗುವೂ ಉಚಿತ.