ಒಂದೂ ಗೋಲು ಬಿಡದೆ ಮೂರು ಗೋಲುಗಳಿಂದ ಸೋತವನು

ಆ ಭಾನುವಾರದ ಸೋಲನ್ನು ಹೊತ್ತವನು ನನ್ನ ಸೋದರಮಾವ ಒಬ್ಬನೇ. ಪಂದ್ಯದ ದಿನ ಬದಲಿಸಿದ ಸಮಿತಿ ಅದನ್ನು ಹೊರಲಿಲ್ಲ. ತನ್ನ ಅನುಕೂಲಕ್ಕೆ ಬದಲಾಯಿಸಿಕೊಂಡ ದೊಡ್ಡ ತಂಡವೂ ಹೊರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮುಂದಿನದನ್ನು ಓದುತ್ತ ನೀವು ನಗುತ್ತೀರಿ, ನಗುವ ಭರದಲ್ಲಿ ಹೊಣೆ ಯಾರದೆಂಬುದು ಮರೆತುಹೋಗುತ್ತದೆ.

ನಗಬೇಡಿ ಎನ್ನುವ ಅಧಿಕಾರ ನನಗಿಲ್ಲ. ನಮ್ಮ ಜಿಲ್ಲೆಯಲ್ಲಿ, ಬಹುಶಃ ಇಡೀ ಭೂಮಂಡಲದಲ್ಲಿ, ಒಂದೂ ಗೋಲು ಬಿಡದೆ ಮೂರು ಗೋಲುಗಳಿಂದ ಸೋತ ಏಕಮಾತ್ರ ಗೋಲ್‌ಕೀಪರ್ ನನ್ನ ಮಾವ! ಅಷ್ಟೇ ಅಲ್ಲ, ಅವನು ಬೇಲೆಕೇರಿಯ ಮೀನುಗಾರರ ಕೇರಿಯಲ್ಲಿ ಹುಟ್ಟಿ, ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುವ ಏಕಮಾತ್ರ ಗಂಡಸೂ ಹೌದು. ಹದಿನಾರನೆಯ ವಯಸ್ಸಿನಲ್ಲಿ ಅಜ್ಜ ಅವನನ್ನು ಮೊದಲ ಸಲ ಸಮುದ್ರಕ್ಕೆ ಕರೆದೊಯ್ದನಂತೆ. ಅಳಿವೆ ದಾಟುವ ಮೊದಲೇ ಮಾವ ಬೆಳಗಿನ ಗಂಜಿಯನ್ನೂ ಹಿಂದಿನ ದಿನದ ಊಟವನ್ನೂ ಮೀನುಗಳಿಗೆ ಬಡಿಸಿಬಿಟ್ಟ. ಮೂರು ಸಲ ಹೀಗಾದ ಮೇಲೆ ಅಜ್ಜ ಅವನನ್ನು ದಡದಲ್ಲಿ ಇಳಿಸಿ, ಕೈಗೆ ಬಲೆಯನ್ನೂ ಸೂಜಿಯನ್ನೂ ಕೊಟ್ಟು, ಇನ್ನು ನೀನು ಹರಿದದ್ದನ್ನು ಹೆಣೆ ಎಂದ. ಅಂದಿನಿಂದ ಇಂದಿನವರೆಗೆ ಮಾವ ಹೆಣೆಯುತ್ತಲೇ ಇದ್ದಾನೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, ಸಮುದ್ರಕ್ಕೆ ಹೋಗದವನಿಗೆ ಈ ಕೇರಿಯಲ್ಲಿ ಹೆಣ್ಣು ಕೊಡುವವರು ಯಾರು ಎಂದು ಅವನೇ ನಗುತ್ತಾನೆ.

ಮೀನುಗಾರರ ಕೇರಿಯಲ್ಲಿ ದಡದ ಗಂಡಸಾಗಿ ಬದುಕುವುದೆಂದರೇನು, ನೀವು ಯೋಚಿಸಿದ್ದೀರಾ? ದೋಣಿಗಳು ಹೊರಟವೆಂದರೆ ಅವನ ಓರಗೆಯವರೆಲ್ಲ ಖಾಲಿ. ಹೆಂಗಸರು ಬುಟ್ಟಿ ಹೊತ್ತು ಅಂಕೋಲೆಯ ಪೇಟೆಗೆ ಹೋಗುತ್ತಾರೆ. ಹಾಡಹಗಲಲ್ಲಿ ಇಡೀ ದಂಡೆಯ ಮೇಲೆ ಮಾವ, ಒಂದು ರಾಶಿ ಬಲೆ, ನಾಲ್ಕು ನಾಯಿ. ನಾಯಿಗಳ ಜೊತೆ ಅವನು ರಾಜಕೀಯ ಮಾತಾಡುವುದನ್ನು ನಾನೇ ಕೇಳಿದ್ದೇನೆ. ಅವುಗಳಲ್ಲಿ ಎರಡು ವಿರೋಧ ಪಕ್ಷದವು ಎಂಬುದು ಅವನ ದೂರು.

ಮೀನು ಮರಿಮಾಡುವ ಕಾಲವೆಂದು ಸರಕಾರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಹಾಕುತ್ತದೆ. ನಮಗೆಲ್ಲ ತಿಳಿದ ಕಾರಣ ಇದು. ಮಾವನಿಗೆ ತಿಳಿದ ಕಾರಣವೇ ಬೇರೆ: ನಿಷೇಧವಿರುವುದು ಫುಟ್‌ಬಾಲಿಗಾಗಿ! ವರ್ಷದಲ್ಲಿ ಆ ಎರಡು ತಿಂಗಳು ಮಾತ್ರ ಕೇರಿಯ ಗಂಡಸರೆಲ್ಲ ದಡದಲ್ಲಿರುತ್ತಾರೆ. ಹನ್ನೊಂದು ಜನ ಸಿಗುತ್ತಾರೆ. ಮಾವನ ಕ್ಲಬ್ಬು ಜೀವ ಪಡೆಯುತ್ತದೆ. ಅದರ ಕಾರ್ಯದರ್ಶಿ, ತರಬೇತುದಾರ, ಅಂಗಿ ಒಗೆಯುವವ, ಗೆರೆ ಎಳೆಯುವವ ಎಲ್ಲವೂ ಅವನೇ. ಗೋಲ್‌ಕೀಪರೂ ಅವನೇ. ಐವತ್ತು ದಾಟಿದವನು ಗೋಲಿನಲ್ಲಿ ನಿಲ್ಲಬಹುದೇ ಎಂದು ಯಾರೋ ಆಕ್ಷೇಪಿಸಿದ್ದಕ್ಕೆ, ತೂತಿನ ಮುಂದೆ ಕೂತು ಮೂವತ್ತೈದು ವರ್ಷ ಕಳೆದವನು ನಾನು, ನನಗಿಂತ ಅನುಭವಿ ಯಾರಿದ್ದಾನೆ ಎಂದು ಮಾವ ಕೇಳಿದ.

ಅವನ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ವರ್ಷವಿಡೀ ಜುಲೈ ತಿಂಗಳೇ ಇರುತ್ತದೆ. ಹಾಳೆ ತಿರುಗಿಸಿದರೆ ತಾನೇ ಆಗಸ್ಟ್ ಬರುವುದು?

ಆಟದ ಬಯಲು ಯಾವುದು? ಹಿಂದೆ ಅದಿರಿನ ರಾಶಿ ಬೀಳುತ್ತಿದ್ದ ಜಾಗ. ಅದಿರು ಹೋಯಿತು, ಕೆಂಪು ದೂಳು ಉಳಿಯಿತು. ಅದನ್ನು ತೆಗೆಸಬೇಕಾದವರು ಯಾರೆಂಬುದನ್ನು ಪತ್ತೆಹಚ್ಚಲು ನಾನು ಬರೆದ ಅರ್ಜಿಗಳು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಇನ್ನೂ ಪ್ರವಾಸದಲ್ಲಿವೆ. ಮಾವ ತಂಡಕ್ಕೆ ಬಿಳಿ ಅಂಗಿ ಹೊಲಿಸಿದ್ದ. ಮೊದಲ ಮಳೆಯ ಮೊದಲ ಆಟದಲ್ಲೇ ಅವು ಶಾಶ್ವತವಾಗಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದವು. ಮಾವ ಕೊಳಲೂದಿದಂತೆ ಸಮಾಧಾನವಾಗಿ ಹೇಳಿದ, ನಮ್ಮ ಕ್ಲಬ್ಬಿನ ಬಣ್ಣ ಕೆಂಪು ಎಂದು ಬರೆದುಕೊ.

ಗೋಲಿನ ಬಲೆಯೂ ಅವನದೇ ಕೈಕೆಲಸ. ಬಂಗಡೆ ಹಿಡಿಯುವ ಹಳೆಯ ಬಲೆಗಳನ್ನು ಜೋಡಿಸಿ ಹೆಣೆದದ್ದು. ಹಣಕೋಣದ ತಂಡದವರು ಆಡಲು ಬಂದಾಗ, ಈ ಕಣ್ಣಿನಲ್ಲಿ ಸಾಸಿವೆಯೂ ನುಸುಳುವುದಿಲ್ಲವಲ್ಲ ಎಂದು ಬೆರಗಾದರು. ಚೆಂಡು ನುಸುಳಿತು ಎಂದು ತಕರಾರು ಬರಬಾರದಲ್ಲ ಎಂದ ಮಾವ.

ಇನ್ನು ಅವನ ಆಟದ ತಂತ್ರ. ನಮ್ಮವರಿಗೆ ಒಂದು ಹುಟ್ಟುಗುಣವಿತ್ತು: ಮೀನಿನ ಹಿಂಡು ಕಂಡ ದೋಣಿಗಳಂತೆ ಚೆಂಡಿದ್ದಲ್ಲಿಗೆ ಹತ್ತೂ ಜನ ಓಡುವುದು. ಬೈದರೆ ಪ್ರಯೋಜನವಿಲ್ಲವೆಂದು ತಿಳಿದ ಮಾವ ಅವರಿಗೆ ಗೊತ್ತಿದ್ದ ಭಾಷೆಯಲ್ಲೇ ಪಾಠ ಮಾಡಿದ. ರಂಪಣಿ ಬಲೆಯನ್ನು ನೀವು ಕಂಡಿರಬಹುದು. ಅರ್ಧಚಂದ್ರದಂತೆ ಸಮುದ್ರದಲ್ಲಿ ಬಿಟ್ಟ ಉದ್ದನೆಯ ಬಲೆಯ ಎರಡು ತುದಿಗಳನ್ನು ದಡದಲ್ಲಿ ಎರಡು ಗುಂಪು ಹಿಡಿದು, ಅವಸರವಿಲ್ಲದೆ ಒಟ್ಟಿಗೆ ಎಳೆಯಬೇಕು. ಒಂದು ಕಡೆಯವರು ಮುಂದಾದರೆ ಮೀನು ಇನ್ನೊಂದು ಕಡೆಯಿಂದ ಪಾರು. ಮಾವ ಐದು ಜನರನ್ನು ಎಡಕ್ಕೆ, ಐದು ಜನರನ್ನು ಬಲಕ್ಕೆ ನಿಲ್ಲಿಸಿ, ಎದುರಾಳಿ ಚೆಂಡಿನೊಂದಿಗೆ ನಡುವೆ ಬಂದಾಗ "ಎಳೀರಿ" ಎಂದು ಕೂಗುತ್ತಿದ್ದ. ಹತ್ತು ಜನ ಎರಡು ಕಡೆಯಿಂದ ನಿಧಾನವಾಗಿ ಸುತ್ತುವರಿಯುತ್ತಿದ್ದರು. ಇಂಥದ್ದನ್ನು ಎಲ್ಲಿಯೂ ಕಂಡಿರದ ಎದುರಾಳಿ ಗಾಬರಿಯಾಗಿ ಚೆಂಡನ್ನು ಬಿಟ್ಟು ನಿಲ್ಲುತ್ತಿದ್ದ. ಹೀಗೆ ಹಣಕೋಣದವರನ್ನೂ ಆಮೇಲೆ ಇನ್ನೊಂದು ತಂಡವನ್ನೂ ದಡಕ್ಕೆ ಎಳೆದು ಹಾಕಿ, ಮಾವನ ಕ್ಲಬ್ಬು ಈ ವರ್ಷ ಜಿಲ್ಲೆಯ ಕಪ್ಪಿನ ಮೂರನೆಯ ಸುತ್ತು ತಲುಪಿತು. ಅದರ ಆಯುಷ್ಯದಲ್ಲೇ ಮೊದಲ ಬಾರಿಗೆ!

ಮೂರನೆಯ ಸುತ್ತಿನ ಎದುರಾಳಿ ಕಾರವಾರದ ಒಂದು ಮೊದಲ ಡಿವಿಜನ್ ತಂಡ. ಅವರಿಗೆ ಬೂಟು ಇಟ್ಟುಕೊಳ್ಳಲು ಬೇರೆ ಚೀಲ, ನೀರು ಕುಡಿಸಲು ಬೇರೆ ಮನುಷ್ಯ. ನಮ್ಮದು ಯಾವ ಡಿವಿಜನ್ನಿನಲ್ಲಿಯೂ ಇಲ್ಲದ ಕ್ಲಬ್ಬು. ಪಂದ್ಯ ಜುಲೈ ಕೊನೆಯ ಭಾನುವಾರವೆಂದು ಗೊತ್ತಾಗಿತ್ತು. ಮಾವ ಊಟ ಬಿಟ್ಟ, ನಾಯಿಗಳೊಂದಿಗಿನ ರಾಜಕೀಯ ಬಿಟ್ಟ, ದಿನವಿಡೀ ಮರಳಿನಲ್ಲಿ ಚಿಪ್ಪುಗಳನ್ನಿಟ್ಟು ಎಡದವರನ್ನು ಬಲಕ್ಕೂ ಬಲದವರನ್ನು ಎಡಕ್ಕೂ ಸರಿಸುತ್ತ ಕುಳಿತ.

ಇಲ್ಲಿಂದ ತಪ್ಪುಗಳ ಸರದಿ. ಹೆಸರಿಸದೆ ಬಿಡಲಾರೆ.

ಮೊದಲನೆಯ ತಪ್ಪು ದೊಡ್ಡ ತಂಡದ್ದು: ಗೋವೆಯಲ್ಲಿ ತಮಗೆ ಬೇರೆ ಆಟವಿದೆ, ಪಂದ್ಯ ಮುಂದೂಡಿ ಎಂದು ಕೇಳಿತು. ಅದಕ್ಕಿಂತ ಹಿರಿಯ ತಪ್ಪು ಸಮಿತಿಯದು: ನಮ್ಮನ್ನು ಒಂದು ಮಾತು ಕೇಳದೆ ಒಪ್ಪಿಕೊಂಡು, ಮೂರು ವಾರಗಳ ಆಚೆಗಿನ ಭಾನುವಾರವನ್ನು ಮೊಬೈಲಿನ ಒಂದು ಸಾಲಿನಲ್ಲಿ ತಿಳಿಸಿತು. ಆ ಭಾನುವಾರ ಬಂದದ್ದು ನೂಲಹುಣ್ಣಿಮೆ ಕಳೆದು ಮೂರನೆಯ ದಿನಕ್ಕೆ. ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಮೇಲೆ ನಮ್ಮ ದೋಣಿಗಳು ದಡದಲ್ಲಿ ನಿಲ್ಲುವುದಿಲ್ಲ. ಕರಾವಳಿಯಲ್ಲಿ ಹುಟ್ಟಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ಸಮಿತಿಗೆ ವಿವರಿಸಬೇಕಾಯಿತು. ಮಾವನ ಪರವಾಗಿ ನಾನು ಏಳು ಪುಟಗಳ ಮನವಿ ಬರೆದೆ. ಮೀನುಗಾರರ ದುಡಿಮೆಯ ಇತಿಹಾಸದಿಂದ ಆರಂಭಿಸಿ, ಸಮಾನ ಅವಕಾಶದ ತತ್ವವನ್ನು ನಿರೂಪಿಸಿ, ಆರನೆಯ ಪುಟದಲ್ಲಿ ದಿನಾಂಕದ ವಿಷಯಕ್ಕೆ ಬಂದೆ. ಅವರು ಆರನೆಯ ಪುಟದವರೆಗೆ ಓದಿರಲಾರರು. ಅದು ನನ್ನ ತಪ್ಪು, ಅದನ್ನೂ ಇಲ್ಲಿ ಸೇರಿಸುತ್ತೇನೆ. ಕೊನೆಗೆ ಫೋನು ಮಾಡಿದಾಗ ಸಮಿತಿಯ ಕಾರ್ಯದರ್ಶಿಗಳು ಬಹಳ ಸೌಜನ್ಯದಿಂದ ಕೇಳಿದರು: "ಅಲ್ಲಾ ಅಕ್ಕಾ, ಸಮುದ್ರಕ್ಕೂ ಫುಟ್‌ಬಾಲಿಗೂ ಎಂತ ಸಂಬಂಧ?"

ಹುಣ್ಣಿಮೆಯ ಸಂಜೆ ತಾಂಡೇಲ ಮಾವನ ಜಗಲಿಗೆ ಬಂದ. ತಾಂಡೇಲನೆಂದರೆ ದೋಣಿ ನಡೆಸುವವನು. ನಮ್ಮ ತಂಡದ ನಾಯಕನೂ ಅವನೇ. ಅವನ ದೋಣಿಯಲ್ಲೇ ತಂಡದ ಏಳು ಜನ ಹೋಗುವವರು, ಉಳಿದ ಮೂವರು ಬೇರೆ ದೋಣಿಗಳಲ್ಲಿ. ಬಲೆಯ ಅಂಚು ಹಿಡಿದು ಕುಳಿತ.

"ಅಣ್ಣಾ, ನೀ ಒಂದ್ಮಾತು ಹೇಳು. ನಾವು ನಿಂತ್ಕಂತ್ರು."

ಮಾವ ಸೂಜಿಯಿಂದ ಕಣ್ಣೆತ್ತಲಿಲ್ಲ. "ಎರಡು ತಿಂಗಳಾಯ್ತು ಒಲೆ ಸಣ್ಣ ಮಾಡ್ಕಂಡು ಕೂತವ್ರು ನೀವು. ಮೊದಲ ಮೀನು ಬಿಟ್ಟು ಚೆಂಡು ಹಿಡೀರಿ ಅಂತ ನಾ ಹೇಳೂದಾ? ಹೋಗು. ನಿನ್ನ ಬಲೆ ರೆಡಿ ಅದೆ, ತಕಂಡು ಹೋಗು."

"ಹಂಗಾರೆ ಮ್ಯಾಚು?"

"ನಾ ಇದ್ದೆ ಅಲ್ದನಾ."

ಮರುದಿನ ದೋಣಿಗಳು ಹೋದವು. ದಂಡೆಯ ಮೇಲೆ ಒಡೆದ ತೆಂಗಿನ ಚಿಪ್ಪುಗಳು, ನಾಲ್ಕು ನಾಯಿ, ಮಾವ.

ಭಾನುವಾರ ಅವನ ಜೊತೆ ಹೋದವಳು ನಾನೊಬ್ಬಳೇ. ಹನ್ನೊಂದು ಅಂಗಿಗಳ ಗಂಟನ್ನು ಮಡಿಲಲ್ಲಿಟ್ಟುಕೊಂಡು ಮಾವ ಅಂಕೋಲೆಯಿಂದ ಕಾರವಾರದ ಬಸ್ಸಿನಲ್ಲಿ ಕುಳಿತ. ಒಂದೇ ಅಂಗಿ ಸಾಕಿತ್ತಲ್ಲ ಎಂದೆ. ತಂಡ ಹೋಗುವಾಗ ತಂಡದ ಗಂಟು ಹೋಗಬೇಕು ಎಂದ.

ಮೈದಾನದಲ್ಲಿ ಮಾವ ಕೆಂಪು ಅಂಗಿ ತೊಟ್ಟು, ನಿಯಮದಂತೆ ಗೆರೆಯ ಮೇಲೆ ಸಾಲಾಗಿ ನಿಂತ. ಒಬ್ಬನೇ ಸಾಲಾಗಿ ನಿಲ್ಲುವುದು ಹೇಗೆಂದು ಕೇಳಬೇಡಿ, ನಾನು ಕಣ್ಣಾರೆ ಕಂಡಿದ್ದೇನೆ! ಎದುರು ತಂಡದ ನಾಯಕ ಪಾಪ ಮುಜುಗರದಿಂದ ಕೈಕುಲುಕಿದ. ಟಾಸ್ ಹಾಕಲೇಬೇಕೆಂದು ಮಾವ ಹಟ ಹಿಡಿದ. ಹಾಕಿದರು. ಗೆದ್ದ! ಸಮುದ್ರದ ಕಡೆಯ ಗೋಲನ್ನು ಆರಿಸಿಕೊಂಡು, ಹೋಗಿ ಅದರ ನಡುವೆ ನಿಂತ. ಏಳು ಜನರಿಗಿಂತ ಕಡಿಮೆಯಿದ್ದರೆ ಆಟ ಆರಂಭಿಸುವಂತಿಲ್ಲವೆಂದು ರೆಫರಿ ತಿಳಿಸಿದರು. ಅರ್ಧ ಗಂಟೆ ಕಾಯುವುದು ನಿಯಮವೆಂದೂ ಹೇಳಿದರು. ಆ ರೆಫರಿಯ ಮೇಲೆ ನನಗೆ ಯಾವ ದೂರೂ ಇಲ್ಲ. ಅವರು ಗಡಿಯಾರ ನೋಡುವುದನ್ನು ಬಿಟ್ಟು ಸಮುದ್ರ ನೋಡುತ್ತ ನಿಂತಿದ್ದರು.

ಕಾಯುವಾಗ ಮಾವ ಹಿಂದೆ ತಿರುಗಿ ಗೋಲಿನ ಬಲೆಯನ್ನು ಪರೀಕ್ಷಿಸಿದ. ಜಿಲ್ಲಾ ಕೇಂದ್ರದ ಮೈದಾನದ ಬಲೆ ಎರಡು ಕಡೆ ಹರಿದಿತ್ತು. ಕಿಸೆಯಿಂದ ಸೂಜಿ, ನೂಲು ತೆಗೆದು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಹೆಣೆಯತೊಡಗಿದ. ಅಭ್ಯಾಸ ಮಾಡುತ್ತಿದ್ದ ದೊಡ್ಡ ತಂಡದವರು ಒಬ್ಬೊಬ್ಬರಾಗಿ ಚೆಂಡು ಬಿಟ್ಟು ನೋಡುತ್ತ ನಿಂತರು. ಈ ಕಡೆಯದು ಮುಗಿಯಿತು; ಇನ್ನೂ ಹತ್ತು ನಿಮಿಷ ಉಳಿದಿತ್ತು. ಇಡೀ ಮೈದಾನ ದಾಟಿ ಆಚೆಯ ಗೋಲಿಗೆ ಹೋಗಿ ಅಲ್ಲಿನ ತೂತನ್ನೂ ಮುಚ್ಚಿದ. ಎದುರಾಳಿಯ ಗೋಲಿನವರೆಗೆ ಅಡೆತಡೆಯಿಲ್ಲದೆ ತಲುಪಿದ ನಮ್ಮ ತಂಡದ ಮೊದಲ ಆಟಗಾರನೂ ಅವನೇ.

ಅರ್ಧ ಗಂಟೆ ಮುಗಿಯಿತು. ಸಮಿತಿಯವರು ತಮ್ಮ ದಾಖಲೆ ಪುಸ್ತಕ ತೆರೆದು ಬರೆದರು: ಬೇಲೆಕೇರಿ ತಂಡ ಗೈರುಹಾಜರು, ಎದುರಾಳಿಗೆ ಮೂರು ಗೋಲುಗಳ ಜಯ. ಬರೆಯುವವರ ಹೆಗಲ ಮೇಲಿಂದ ಮಾವ ಬಗ್ಗಿ ಓದಿದ.

"ಗೈರುಹಾಜರು ಅಂದ್ರೆ ಬರ್ಲೇ ಇಲ್ಲ ಅಂತ ಅಲ್ದಾ?"

"ಹೌದು."

"ಮತ್ತೆ ನಾ ಯಾರು?"

ಬರೆಯುವವರು ಪುಸ್ತಕ ಮುಚ್ಚಿದರು. ಈ ಪ್ರಶ್ನೆಗೆ ಸಮಿತಿಯ ನಿಯಮಾವಳಿಯಲ್ಲಿ ಉತ್ತರವಿಲ್ಲವೆಂದು ನಾನು ಆಮೇಲೆ ಓದಿ ಖಚಿತಪಡಿಸಿಕೊಂಡೆ.

ನನ್ನ ಸಿಟ್ಟು ಬೇಲೆಕೇರಿ ತಲುಪಿದರೂ ಇಳಿದಿರಲಿಲ್ಲ. ಮಾವ ಮಾತ್ರ ನೇರವಾಗಿ ಬಾವಿಯ ಬಳಿಗೆ ನಡೆದು ಗಂಟು ಬಿಚ್ಚಿದ. ಹನ್ನೊಂದೂ ಅಂಗಿಗಳನ್ನು ಒಗೆಯತೊಡಗಿದ. ಹತ್ತು ಅಂಗಿಗಳನ್ನು ಯಾರೂ ತೊಟ್ಟಿಲ್ಲವಲ್ಲ, ಯಾಕೆ ಒಗೆಯುತ್ತಿ ಎಂದೆ.

"ಮ್ಯಾಚಿಗೆ ಹೋಗಿ ಬಂದದ್ದಲ್ದನಾ ತಂಗಿ," ಎಂದ.

ಇನ್ನೂ ಬೆಳಕಿತ್ತು. ಬಂದರಿನ ಕೋಣೆಯಲ್ಲಿರುವ ವೈರ್‌ಲೆಸ್ಸಿನಲ್ಲಿ ತಾಂಡೇಲ ಕರೆಯುತ್ತಿದ್ದಾನೆಂದು ಸುದ್ದಿ ಬಂತು. ಮಾವ ಒದ್ದೆ ಕೈ ಒರೆಸಿಕೊಳ್ಳುತ್ತ ಹೋದ. ನಾನು ಹಿಂದೆಯೇ ಹೋದೆ. ಗರಗರ ಸದ್ದಿನ ನಡುವೆ ತಾಂಡೇಲನ ದನಿ ಕೇಳಿತು. ಮೀನು ಚೆನ್ನಾಗಿ ಬಿದ್ದಿದೆಯೆಂದು ಮೊದಲು ಹೇಳಿದ. ಆಮೇಲೆ ತಡೆದು ತಡೆದು ಕೇಳಿದ, ಅಣ್ಣಾ, ಎಂತ ಆಯ್ತು?

ಮಾವ ವೈರ್‌ಲೆಸ್ಸಿನ ಗುಂಡಿ ಒತ್ತಿದ. ದಡದಿಂದ ದೂರ ಎಲ್ಲೋ ಏಳು ಜನ ಅದೇ ಗರಗರಕ್ಕೆ ಕಿವಿಗೊಟ್ಟು ನಿಂತಿದ್ದರು.

"ಒಂದೂ ಗೋಲು ಬಿಡ್ಲಿಲ್ಲ ಮಾರಾಯ."

ಆಚೆಯಿಂದ ಏಳು ಜನರ ಕೂಗು ಒಟ್ಟಿಗೆ ಬಂತು. ಆ ಹಳೆಯ ಪೆಟ್ಟಿಗೆ ಅದನ್ನು ತಾಳಲಾರದೆ ಕಿರುಚಿ ನಿಂತಿತು. ಸುಳ್ಳಾಡಿದನೆಂದು ಅವನನ್ನು ಯಾವ ನ್ಯಾಯಾಲಯವೂ ಹಿಡಿಯಲಾರದು. ಮಾವ ಮುಖವನ್ನು ಕಿಟಕಿಯ ಕಡೆಗೆ ಮಾಡಿ ಬಹಳ ಹೊತ್ತು ನಿಂತ. ದೋಣಿಗಳು ಕಾಣುವ ದೂರದಲ್ಲಿರಲಿಲ್ಲ. ಮನೆಗೆ ಮರಳಿದಾಗ ಅವನಿಗೆ ತಿಳಿಯದಂತೆ ನಾನು ಗೋಡೆಯ ಕ್ಯಾಲೆಂಡರನ್ನು ಮುಟ್ಟಲು ಹೋದೆ. ಆಗಸ್ಟ್ ಅರ್ಧ ಕಳೆದಿತ್ತು. ಮನಸ್ಸು ಬರಲಿಲ್ಲ, ಜುಲೈಯನ್ನು ಹಾಗೆಯೇ ಬಿಟ್ಟೆ.

ಆದ್ದರಿಂದ, ಕಪ್ಪಿನ ಸಮಿತಿಯ ಮಾನ್ಯರೇ, ಈ ಸಲ ಮನವಿ ಒಂದೇ ಪುಟದ್ದು. ಮುಂದಿನ ವರ್ಷದಿಂದ ಬೇಲೆಕೇರಿಯ ಪಂದ್ಯಗಳನ್ನೆಲ್ಲ ನೂಲಹುಣ್ಣಿಮೆಯ ಒಳಗೆ ಮುಗಿಸಿ. ಯಾರ ಕಾಲಿನಿಂದಲೂ ಹೊರಡದ ಆ ಮೂರು ಗೋಲುಗಳನ್ನು ನಿಮ್ಮ ಪುಸ್ತಕದಿಂದ ಹೊಡೆದುಹಾಕಿ. ಸೋಲನ್ನು ಬೇಕಾದರೆ ಇಟ್ಟುಕೊಳ್ಳಿ, ಅದನ್ನು ಹೊರುವುದು ಅವನಿಗೆ ಗೊತ್ತು. ಆದರೆ 'ಗೈರುಹಾಜರು' ಎಂಬ ಪದಕ್ಕೆ ಗೆರೆ ಎಳೆದು, ಅದರ ಪಕ್ಕದಲ್ಲಿ ನಿಮ್ಮ ಕೈಯಿಂದಲೇ ಬರೆಯಿರಿ: ಒಬ್ಬ ಬಂದಿದ್ದ.