ಡೀಸೆಲ್ ಕಾಲಂ ಮತ್ತು ನಮ್ಮ ಕಾಕಾ

ನಮ್ಮ ಕಾಕಾನ ಕೈಯಲ್ಲಿ ಬೆಳೆದವರಿಗೆ ಕತ್ತಲಲ್ಲಿ ಮೀನಿನ ಮುಳ್ಳು ಬಿಡಿಸಿ ತಿನ್ನುವುದು ಸಲೀಸಾಗಿ ಬರುತ್ತದೆ! ನನಗೂ ಬರುತ್ತದೆ. ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ನಾನು ಹೈಸ್ಕೂಲು ಓದಿದ್ದು ಯಾದಗಿರಿಯ ಅವರ ಮನೆಯಲ್ಲೇ. ಕೋಣೆಯಿಂದ ಒಬ್ಬರು ಎದ್ದರೆ ಸಾಕು, ಕಾಕಾ ಲೈಟು ಆರಿಸಿಬಿಡುತ್ತಾರೆ. ಒಳಗೆ ಇನ್ನೂ ಇಬ್ಬರು ಕೂತಿದ್ದಾರೆ ಎಂದು ಅವರಿಗೆ ಗೊತ್ತಾಗುವುದು ಆ ಇಬ್ಬರೂ ಬೈದ ಮೇಲೆ. ಬೆಳಿಗ್ಗೆ ಎದ್ದವರು ಮೊದಲು ನೋಡುವುದು ದೇವರನ್ನಲ್ಲ, ಕರೆಂಟ್ ಮೀಟರನ್ನು! ಅಂಕಿಯನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು, ನಿನ್ನೆಗಿಂತ ಹೆಚ್ಚು ಉರಿದಿದ್ದರೆ ಕಾರಣ ವಿಚಾರಿಸುತ್ತಾರೆ. ಚಹಾ ಆಮೇಲೆ.

ಮನೆಯಲ್ಲಿ ಮಾಡಿಕೊಳ್ಳಲಿ, ಬೇಡ ಎಂದವರು ಯಾರು? ಮುದನಾಳದ ಬೀಗರ ಮನೆಗೆ ತೊಟ್ಟಿಲ ಕಾರ್ಯಕ್ಕೆ ಹೋದಾಗ ಈ ಮನುಷ್ಯ ಕೂಸಿನ ಮುಖಕ್ಕಿಂತ ಮೊದಲು ಮೀಟರಿನ ಮುಖ ನೋಡಿದರು. ಎಲ್ಲೋ ಕರೆಂಟು ಸೋರುತ್ತಿದೆ ಎಂಬ ಗುಮಾನಿ ಬಂತು. ಪತ್ತೆ ಹಚ್ಚಲು ಮನೆಯ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಆರಿಸುತ್ತ ಬಂದರು. ಫ್ಯಾನು ನಿಂತವು, ಜೋಗುಳದ ನಡುವೆ ಮೈಕು ನಿಂತಿತು. ನಮಗೆ ತಲೆ ಎತ್ತಲಾಗಲಿಲ್ಲ. ಬೆಳಗಿನಿಂದ ಆ ಮೈಕಿಗೆ ಬೆಚ್ಚಿ ಅಳುತ್ತಿದ್ದ ಕೂಸು ಮಾತ್ರ ಗಡದ್ದಾಗಿ ನಿದ್ದೆ ಹೋಯಿತು!

ಇಂಥವರು ನಾನು ಕ್ಲಾರ್ಕ್ ಆಗಿರುವ ಬೀಜದ ಕಂಪನಿಗೇ ಎಲೆಕ್ಟ್ರಿಷಿಯನ್ ಆಗಿರಬೇಕೇ? ನಮ್ಮದು ಯಾದಗಿರಿಯಲ್ಲಿ ಕಚೇರಿ, ಶಹಾಪುರದಲ್ಲಿ ಗೋದಾಮು, ಸುರಪುರದಲ್ಲಿ ಬೀಜ ಕೆಡದಂತೆ ಇಡುವ ತಂಪು ಕೋಣೆ. ಈಚೆಗೆ ಹೆಡ್ ಆಫೀಸಿನವರಿಗೆ ಪರಿಸರದ ಮೇಲೆ ಪ್ರೀತಿ ಉಕ್ಕಿದೆ. ಪ್ರತಿ ಕಟ್ಟಡ ಎಷ್ಟು ಯೂನಿಟ್ ಕರೆಂಟು ತಿಂದಿತು, ಜನರೇಟರ್ ಎಷ್ಟು ಲೀಟರ್ ಡೀಸೆಲ್ ಕುಡಿಯಿತು ಎಂದು ನಾವು ಬರೆದು ಕಳಿಸಬೇಕು. ಅವರು ಅದನ್ನು ಹೊಗೆಯ ಲೆಕ್ಕಕ್ಕೆ ತಿರುಗಿಸಿ, ಮುಖಪುಟಕ್ಕೆ ಹಸಿರು ಎಲೆ ಹಚ್ಚಿ ನುಣುಪು ಕಾಗದದ ಪುಸ್ತಕ ಮಾಡುತ್ತಾರೆ. ಸುರಪುರದ ಅಂಕಿಯನ್ನು ವಾಚ್‌ಮನ್‌ಗೆ ಫೋನು ಮಾಡಿ ಕೇಳು ಕಾಕಾ ಎಂದರೆ, ಕಣ್ಣಿಲೆ ನೋಡದ್ದನ್ನು ಬರೆಯುವುದಿಲ್ಲ ಎಂದು ಬಸ್ಸು ಹತ್ತಿಯೇ ಬಿಡುತ್ತಾರೆ.

ಈ ವರ್ಷ ಸುರಪುರದ ಕರೆಂಟು ಕಾಲು ಭಾಗ ಇಳಿಯಿತು. ಹೆಡ್ ಆಫೀಸಿನವರಿಗೆ ಹಿಗ್ಗೋ ಹಿಗ್ಗು. ಎಲ್ಲ ಶಾಖೆಗಳಿಗಿಂತ ಹೆಚ್ಚು ಉಳಿಸಿದ ನಮ್ಮ ಮ್ಯಾನೇಜರ್ ಸಾಹೇಬರಿಗೆ ಶಾಲು ಹೊದಿಸುವುದೆಂದು ತೀರ್ಮಾನವೂ ಆಯಿತು! ಉಳಿಸಿದ್ದು ಯಾರು? ಟ್ರಾನ್ಸ್‌ಫಾರ್ಮರ್ ಸುಟ್ಟು ಮೂರು ತಿಂಗಳು ಕರೆಂಟೇ ಇರಲಿಲ್ಲ. ಅಷ್ಟೂ ದಿನ ತಂಪು ಕೋಣೆ ಓಡಿದ್ದು ಗುಡುಗುಡು ಜನರೇಟರಿನ ಮೇಲೆ. ಸಾಹೇಬರು ನನ್ನನ್ನು ಕರೆದು, ಡೀಸೆಲ್ ಕಾಲಂ ಖಾಲಿ ಬಿಡಮ್ಮ ಎಂದರು. ಮೀಟರ್ ನೋಡಿದವನ ಸಹಿಗಾಗಿ ಕಾಕಾನನ್ನೂ ಕರೆಸಿದರು.

ಕಾಕಾ ಕಾಗದವನ್ನು ಎರಡು ಸಲ ಓದಿದರು. "ಕರೆಂಟ್ ಉಳಿಸಿಲ್ರಿ ಸಾಹೇಬ್ರ, ಕರೆಂಟ್ ಇರ್ಲೇ ಇಲ್ಲ. ಮೂರು ತಿಂಗಳು ಆ ಹೊಗಿ ಕುಡದವ ನಾ. ಖಾಲಿ ಬಿಟ್ರ ನಾ ಸಹಿ ಮಾಡಂಗಿಲ್ಲ" ಎಂದು ಎದ್ದು ಹೊರಟರು. ಹೋಗುವಾಗ ಸಾಹೇಬರ ತಲೆಯ ಮೇಲಿನ ಫ್ಯಾನು ಆರಿಸಿದರು, ರೂಢಿ ನೋಡಿ!

ಕಾಕಾನದು ವರ್ಷದ ಗುತ್ತಿಗೆಯ ಕೆಲಸ. ಈ ತಿಂಗಳೇ ಮುಗಿಯುತ್ತದೆ. ಮುಂದುವರಿಸುವ ಕಾಗದಕ್ಕೆ ಸಹಿ ಹಾಕಬೇಕಾದವರು ಇದೇ ಸಾಹೇಬರು. ನನಗೆ ಮೈಯೆಲ್ಲ ಉರಿಯಿತು. ಶಾಲಿನ ಆಸೆಯ ಸಾಹೇಬರ ಮೇಲೆ ಸಿಟ್ಟು, ಆ ಹಸಿರು ಎಲೆಯ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ಈ ಮನುಷ್ಯನ ಮೇಲೆ. ಊರೆಲ್ಲ ಹೊಗೆ ಬಿಟ್ಟುಕೊಂಡು ಸುಖವಾಗಿರುವಾಗ ಇವರೊಬ್ಬರಿಗೇ ಯಾಕಪ್ಪಾ ಈ ಉಸಾಬರಿ?

ಭಾನುವಾರ ಡೀಸೆಲ್ ಕಾಲಮಿನ ಆ ಫಾರ್ಮು ಹಿಡಿದು ಜಗಳಕ್ಕೆಂದೇ ಅವರ ಮನೆಗೆ ಹೋದೆ. ಭಾನುವಾರವೂ ಮಹಾಶಯರು ಸುರಪುರಕ್ಕೆ ಹೋಗಿದ್ದರು! ಕಾಕಿ ತೊಗರಿಬೇಳೆ ಆರಿಸುತ್ತ, ನೀನಾದರೂ ಬುದ್ಧಿ ಹೇಳು ಎಂದು ಕಣ್ಣೊರೆಸಿಕೊಂಡರು. ಇವರೂ ಒಂದು ದಿನವಾದರೂ ಅಂದಾಜಿನಲ್ಲಿ ಬರೆದಿರಲೇಬೇಕು, ಹಿಡಿದು ಮುಖಕ್ಕೆ ತೋರಿಸುತ್ತೇನೆ ಎಂದು ಟ್ರಂಕು ತೆರೆದು ನೋಟುಬುಕ್ಕುಗಳನ್ನು ಹರಡಿಕೊಂಡೆ. ಒಂದು ದಿನವೂ ಬಿಟ್ಟಿಲ್ಲ. ಅಂಕಿ ಏರಿದಲ್ಲೆಲ್ಲ ಪಕ್ಕದಲ್ಲಿ ಕಾರಣ. "ಬೀಗರು ಬಂದಾರ." "ಇಸ್ತ್ರಿ."

ತಳದಲ್ಲಿದ್ದ ಹಳೆಯ ಪುಸ್ತಕ ನನ್ನ ಹತ್ತನೆಯ ತರಗತಿಯ ವರ್ಷದ್ದು. ಬೇಸಿಗೆ, ಪರೀಕ್ಷೆಯ ದಿನಗಳು. ಪುಟದ ತುಂಬ ಒಂದೇ ಸಾಲು: "ಹುಡುಗಿ ಓದಾಕ ಎದ್ದಾಳ. ಲೈಟ್ ಬೇಕು." ಅದರ ಕೆಳಗೆ ಪ್ರತಿ ದಿನವೂ ಇನ್ನೊಂದು: "ನನ್ನ ಫ್ಯಾನ್ ಬಂದ್. ಲೆಕ್ಕ ಸರಿ."

ಯಾದಗಿರಿಯ ಬೇಸಿಗೆ! ಅಂಗಳದಲ್ಲಿ ಗಾಳಿ ಚೆನ್ನಾಗಿದೆ ಎಂದು ಹೊರಗೆ ಮಲಗುತ್ತಿದ್ದ ಕಾಕಾನಿಗೆ ತಿಕ್ಕಲು ಎಂದು ನಾವು ನಗುತ್ತಿದ್ದೆವು. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ಆಮೇಲೆ ಸುರಪುರದ ಲೆಕ್ಕವನ್ನೂ ಬರೆದಿಟ್ಟಿದ್ದ ಅವರ ಈ ವರ್ಷದ ಪುಸ್ತಕ ತೆಗೆದು, ಮೂರು ತಿಂಗಳ ಡೀಸೆಲ್ಲನ್ನು ಲೀಟರ್ ಲೀಟರಾಗಿ ಕೂಡಿ ಕಾಲಂ ತುಂಬಿದೆ. ಮೊದಲು ನನ್ನ ಸಹಿ ಹಾಕಿದೆ. ಸಾಹೇಬರ ಶಾಲು ಹೋಯಿತು, ಕಾಕಾನ ಗುತ್ತಿಗೆಯೂ ಹೋಗಬಹುದು.

ಸಂಜೆ ಕಾಕಾ ಸುರಪುರದ ಬಸ್ಸಿಳಿದು ಬಂದರು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಫಾರ್ಮು ಓದಿ, ನನ್ನ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು. ನಾನು ಫ್ಯಾನು ಹಾಕಿದೆ. ಆರಿಸಲು ಕೈ ಎತ್ತಿದರು.

"ಕೂಡು ಕಾಕಾ. ಕಾರಣ ಬರಕೋ."

"ಏನಂತ ಬರೀಲಿ?"

"ಕಾಕಾ ಮನಿಗಿ ಬಂದಾನ. ಫ್ಯಾನ್ ಬೇಕು."

ಕಾಕಾ ಕನ್ನಡಕ ಹಾಕಿಕೊಂಡು, ಫ್ಯಾನಿನ ಕೆಳಗೆ ಕೂತು, ಹಾಗೇ ಬರೆದರು.