ತಾಂಬೂಲದ ಚೀಲದಲ್ಲಿ ಫ್ರೆಂಚ್ ಮೇಡಂ ಕಾದಂಬರಿ

ಪಾತ್ರೆ ಅಂಗಡಿ ಇಟ್ಟವನು ನಗೋದಕ್ಕೆ ಅಂತ ನಾಟಕಕ್ಕೆ ಹೋಗಬೇಕಾಗಿಲ್ಲ. ರಾಜಾಜಿನಗರದಲ್ಲಿ ಬೆಳಿಗ್ಗೆ ಶಟರ್ ಎತ್ತಿದರೆ ಸಾಕು, ನಾಟಕವೇ ಮೆಟ್ಟಿಲು ಹತ್ತಿ ಬಂದು "ಕುಕ್ಕರ್ ತೋರ್ಸಿ" ಅನ್ನುತ್ತದೆ. ಅಂಗಡಿ ಮೇಲಿನ ಮನೆಯನ್ನು ಫ್ರಾನ್ಸಿನ ಹಾಡುಗಾರ್ತಿಯೊಬ್ಬರಿಗೆ ಬಾಡಿಗೆಗೆ ಕೊಟ್ಟ ಮೇಲಂತೂ ಇಂಥ ಪ್ರಸಂಗಗಳು ನಿಂತೇ ಇಲ್ಲ.

ಹಾಡಬಾರದು ಅನ್ನೋ ಕಂಡಿಷನ್

ಅವರನ್ನು ಕರೆತಂದವಳು ನನ್ನ ಸೊಸೆ. ಕಾಲೇಜಿನಲ್ಲಿ ಫ್ರೆಂಚ್ ಪಾಠ ಮಾಡುತ್ತಾಳೆ. ಮೇಡಂಗೆ ಅರವತ್ತರ ಆಸುಪಾಸು, ಬಿಳಿ ಕೂದಲು, ಕಾಲಲ್ಲಿ ಹವಾಯಿ ಚಪ್ಪಲಿ.

"ಏನ್ ಕೆಲಸ ಮಾಡ್ತಾರೆ?" ಅಂದೆ.

"ಮೊದಲು ಹಾಡ್ತಿದ್ರು ಮಾವ. ಈಗ ಕಾದಂಬರಿ ಬರೀತಾರೆ."

ಕಾದಂಬರಿಗೆ ನನ್ನ ಅಭ್ಯಂತರವಿಲ್ಲ, ಅದು ಸದ್ದು ಮಾಡೋದಿಲ್ಲ. "ಬರೀಲಿ. ಆದ್ರೆ ಮನೇಲಿ ಹಾಡಬಾರದು. ಕೆಳಗೆ ಗಿರಾಕಿಗಳಿರ್ತಾರೆ. ಇದು ಕಂಡಿಷನ್ನು" ಅಂದೆ.

ಸೊಸೆ ತರ್ಜುಮೆ ಮಾಡಿದಳು. ಮೇಡಂ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಕುಲುಕಿದರು. ಆಮೇಲೆ ತಿಳಿಯಿತು, ಅವರ ದೇಶದಲ್ಲಿ ಒಂದೇ ಒಂದು ಹಾಡಿಗೆ ಹೆಸರಾದವರಂತೆ. ಅದನ್ನೇ ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್, ಕೊನೆಗೆ ಜಪಾನಿ ಭಾಷೆಯಲ್ಲೂ ಹಾಡಿಸಿದ್ದರಂತೆ. ಬ್ರೆಡ್ ತರೋಕೆ ಹೋದರೂ "ಅದೊಂದು ಹಾಡಿ" ಅಂತ ಜನ ಮುತ್ತಿಕೊಳ್ಳೋರು. ಮೊದಲ ಕಾದಂಬರಿಯ ಬಿಡುಗಡೆಗೆ ಬಂದವರೆಲ್ಲ ಪುಸ್ತಕ ಮುಟ್ಟದೆ, ಹಳೇ ರೆಕಾರ್ಡು ತಂದು ಅದರ ಮೇಲೆ ಸಹಿ ಹಾಕಿಸಿಕೊಂಡು ಹೋದರಂತೆ. ಹಾಡಬೇಡಿ ಅಂದವನು ಜಗತ್ತಿನಲ್ಲಿ ನಾನೊಬ್ಬನೇ.

ಇಷ್ಟು ಖುಷಿ ಪಡ್ತಾರೆ ಅಂತ ಗೊತ್ತಿದ್ದಿದ್ದರೆ ಬಾಡಿಗೆ ಸ್ವಲ್ಪ ಏರಿಸಿಯೇ ಹೇಳುತ್ತಿದ್ದೆ.

ಹೆಸರು ಕೆತ್ತೋ ಮೆಷಿನ್ನು

ಮೇಡಂ ಕನ್ನಡ ಕಲಿತದ್ದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು. ಹಾಗಾಗಿ ಅವರು ಮೊದಲು ಕಲಿತ ವಾಕ್ಯ "ಕೊನೇ ರೇಟು ಹೇಳಿ." ಆದರೆ ಅವರಿಗೆ ಬಹಳ ಹಿಡಿಸಿದ್ದು ಪಾತ್ರೆಯ ಮೇಲೆ ಹೆಸರು ಕೆತ್ತುವ ನನ್ನ ಮೆಷಿನ್ನು. ಅದು ಗುರ್ರ್ ಅಂದ ತಕ್ಷಣ ಮಹಡಿ ಇಳಿದು ಬರೋರು.

ಒಂದು ದಿನ ವಿಜಯನಗರದ ಆಂಟಿಯೊಬ್ಬರು ಗೃಹಪ್ರವೇಶದ ಉಡುಗೊರೆಗೆ ಅಂತ ಕೊಳಗ ಕೊಂಡರು. "ಹೆಸರು ದೊಡ್ಡದಾಗಿ ಕೆತ್ತಿ ಅಣ್ಣ. ಇಲ್ಲಾಂದ್ರೆ ಅವಳು ಇದನ್ನೇ ಇನ್ನೊಬ್ಬರ ಗೃಹಪ್ರವೇಶಕ್ಕೆ ಸಾಗಿಸ್ತಾಳೆ. ಹೆಸರಿಲ್ಲದ್ದು ಯಾರ ಮನೇಲೂ ನಿಲ್ಲಲ್ಲ."

"ನಿಜವಾಗಲೂ ಸಾಗಿಸ್ತಾರಾ?" ಅಂದರು ಮೇಡಂ.

"ಅಯ್ಯೋ, ನಾನು ಕೊಟ್ಟ ಹಾಟ್‌ಬಾಕ್ಸು ಊರೆಲ್ಲ ಸುತ್ತಿ ನನ್ನ ಮಗನ ಮದುವೇಲಿ ನನಗೇ ವಾಪಸ್ ಬಂತು!"

"ಕೋಪ ಬಂತಾ?"

"ಕೋಪ ಯಾಕೆ ಬರುತ್ತೆ? ಅದನ್ನ ನನಗೂ ಯಾರೋ ಕೊಟ್ಟಿದ್ದೇ."

ಸೆಕ್ರೆಟರಿ ಸ್ಕೂಟರ್ ಹತ್ತಿದ್ದು

ಮೇಡಂ ಹೆಸರಾದ ಹಾಡುಗಾರ್ತಿ ಅನ್ನೋದನ್ನ ಎಷ್ಟು ದಿನ ಮುಚ್ಚಿಡೋಕಾಗುತ್ತೆ? ನಮ್ಮ ಬಡಾವಣೆಯ ಅಸೋಸಿಯೇಷನ್ ಸೆಕ್ರೆಟರಿ ಫೋನಿನಲ್ಲಿ ಮೇಡಂ ಹಳೇ ವಿಡಿಯೋ ಹುಡುಕಿ ಹಿಡಿದುಕೊಂಡು ಬಂದರು. ಅದರಲ್ಲಿ ಮೇಡಂ ಚಿನ್ನದ ಬಣ್ಣದ ಪ್ಯಾಂಟು ಹಾಕಿ ಕುಣಿಯುತ್ತಿದ್ದಾರೆ.

"ಸಾರ್, ನಮ್ಮ ರಾಜ್ಯೋತ್ಸವಕ್ಕೆ ಇವರದೊಂದು ಹಾಡು ಇಟ್ಟುಬಿಡೋಣ!"

ಮೇಡಂ ಮುಖ ಬಾಡಿತು. ಗಿರಾಕಿಯನ್ನು ನೇರವಾಗಿ ಇಲ್ಲ ಅಂದು ಕಳಿಸಿದವನು ವ್ಯಾಪಾರಿಯೇ ಅಲ್ಲ. "ಧಾರಾಳವಾಗಿ ಇಡಿ ಸಾರ್. ಆದ್ರೆ ಹಾಡಿಗೆ ಮುಂಚೆ ಅವರ ಕಾದಂಬರಿಯಿಂದ ಒಂದು ಅಧ್ಯಾಯ ಓದ್ತಾರೆ" ಅಂದೆ.

"ಪೂರ್ತಿ ಅಧ್ಯಾಯನಾ?"

"ಪೂರ್ತಿ. ಮೊದಲು ಫ್ರೆಂಚಲ್ಲಿ. ಆಮೇಲೆ ನನ್ನ ಸೊಸೆ ಕನ್ನಡದಲ್ಲಿ."

ಸೆಕ್ರೆಟರಿ ಫೋನು ಜೇಬಿಗಿಟ್ಟರು. "ಈ ಸಲ ಮಕ್ಕಳ ಡ್ಯಾನ್ಸು ಸ್ವಲ್ಪ ಜಾಸ್ತಿ ಇದೆ ಸಾರ್..." ಅನ್ನುತ್ತಲೇ ಸ್ಕೂಟರ್ ಹತ್ತಿದರು.

ಮೇಡಂ ನಕ್ಕು ನಕ್ಕು ಸಾಕಾಗಿ ಸ್ಟೂಲಿನ ಮೇಲೆ ಕೂತರು. "ನೋಡಿದ್ರಾ, ಕಾದಂಬರಿ ಅಂದ ಕೂಡಲೇ ಹೇಗೆ ಓಡಿದರು! ಅಷ್ಟೆಲ್ಲ ಭಾಷೆಯಲ್ಲಿ ಹಾಡಿದೆ ಅಣ್ಣ, ಏನು ಹಾಡ್ತಿದೀನಿ ಅಂತ ಅರ್ಧ ನನಗೇ ಗೊತ್ತಿರಲಿಲ್ಲ. ಅರ್ಥ ಆಗಿ ಮಾಡಿದ ಕೆಲಸ ಅಂದ್ರೆ ಬರೆದದ್ದು ಮಾತ್ರ. ನಾನು ಯಾರು ಅಂತ ಗೊತ್ತಿಲ್ಲದವರು ಒಬ್ಬರು, ಒಬ್ಬರೇ ಒಬ್ಬರು, ಅದನ್ನ ಕೊನೇತನಕ ಓದಿದರೆ ಸಾಕು."

ನಾನು ಇಬ್ಬರಿಗೂ ಕಾಫಿ ತರಿಸಿದೆ.

ಕುಕ್ಕರುಗಳ ನಡುವೆ ಸಾಹಿತ್ಯ

ಅಷ್ಟರಲ್ಲಿ ಸೊಸೆಯ ಅನುವಾದ ಮುಗಿದು ಕಾದಂಬರಿ ಕನ್ನಡದಲ್ಲಿ ಅಚ್ಚಾಯಿತು. ಪುಸ್ತಕದಂಗಡಿಯವರು ಕೆಲವು ದಿನ ಇಟ್ಟುಕೊಂಡು ಮರ್ಯಾದೆಯಿಂದ ವಾಪಸ್ ಕಳಿಸಿದರು. ಪೆಟ್ಟಿಗೆಗಳು ನನ್ನ ಗೋಡೌನಿನಲ್ಲಿ ಕುಕ್ಕರುಗಳ ಪಕ್ಕ ಕೂತವು. ಮೇಡಂ ಇಳಿದು ಬಂದಾಗಲೆಲ್ಲ ಆ ಕಡೆ ನೋಡದ ಹಾಗೆ ಹೋಗೋರು.

ನಿಂತ ಸರಕು ಕಂಡರೆ ನನಗೆ ನಿದ್ದೆ ಬರೋದಿಲ್ಲ. ಶ್ರೀಗಂಧದ ಕಾವಲು ಬಡಾವಣೆಯಲ್ಲಿ ಚಿಕ್ಕ ಮಗನ ಗೃಹಪ್ರವೇಶ ಬಂತು. ತಾಂಬೂಲದ ಚೀಲಕ್ಕೆ ತೆಂಗಿನಕಾಯಿ ಜೊತೆ ಒಂದೊಂದು ಕಾದಂಬರಿ ಹಾಕಿಬಿಡೋಣ ಅಂದೆ.

"ನಿಮಗೇನು ತಲೆ ಕೆಟ್ಟಿದೆಯಾ? ಪಾತ್ರೆ ಅಂಗಡಿಯವರು ಒಂದು ಸ್ಟೀಲ್ ಬಟ್ಟಲು ಕೊಡೋ ಯೋಗ್ಯತೆ ಇಲ್ವಾ ಅಂತಾರೆ" ಅಂದಳು ಹೆಂಡತಿ. ಕೊನೆಗೆ ಒಪ್ಪಿದಳು. "ಒಳಗೆ ನಮ್ಮ ಹೆಸರಿನ ಸ್ಟಿಕ್ಕರ್ ಆದ್ರೂ ಅಂಟಿಸೋಣ."

"ಅದೊಂದು ಮಾತ್ರ ಬೇಡ. ಹೆಸರು ಹಾಕಿದರೆ ಅಟ್ಟ ಸೇರುತ್ತೆ. ಹೆಸರಿಲ್ಲದಿದ್ದರೆ ಊರು ಸುತ್ತುತ್ತೆ."

ಚೀಲದ ತೂಕ ನೋಡಿ ನೆಂಟರೆಲ್ಲ ನಗುನಗುತ್ತಾ ಹೊರಟರು. ನನ್ನ ಷಡ್ಡಕ ಮಾತ್ರ ಸಂಜೆಯೇ ಫೋನ್ ಮಾಡಿದ. "ಭಾವ, ಸ್ವೀಟ್ ಬಾಕ್ಸಿಗೆ ಬದಲು ನಮ್ಮ ಚೀಲಕ್ಕೆ ಪುಸ್ತಕ ಬಂದುಬಿಟ್ಟಿದೆ. ಬದಲಾಯಿಸಿಕೊಡ್ತೀರಾ?"

ಉಲ್ಲಾಳದ ತೀರ್ಪು

ತಿಂಗಳುಗಳು ಕಳೆದವು. "ಯಾರಾದರೂ ಓದಿದರಾ?" ಅಂತ ಕೇಳೋದನ್ನೂ ಮೇಡಂ ಬಿಟ್ಟರು. ಊರಿಗೆ ವಾಪಸ್ ಹೋಗಿ, ಕರೆದ ಕಡೆ ಅದೇ ಹಾಡು ಹಾಡಿಕೊಂಡಿರ್ತೀನಿ ಅಂತ ಸೊಸೆಯ ಹತ್ತಿರ ಹೇಳಿದರಂತೆ.

ಶ್ರಾವಣ ಬಂತು. ಮಂಗಳೂರಿನದಲ್ಲ, ನಮ್ಮ ಬೆಂಗಳೂರಿನ ಉಲ್ಲಾಳದಲ್ಲಿ ಗಿರಾಕಿಯೊಬ್ಬರಿದ್ದಾರೆ, ಹುಬ್ಬಳ್ಳಿ ಕಡೆಯಿಂದ ಹೊಸದಾಗಿ ಬಂದ ಸಂಸಾರ. ಆ ಮನೆಯಾಕೆ ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಚೊಂಬು ಕೊಳ್ಳಲು ಬಂದವರು ನನ್ನ ಹೆಂಡತಿಯನ್ನೂ ಮೇಡಂ ಅವರನ್ನೂ ಅರಿಶಿನ ಕುಂಕುಮಕ್ಕೆ ಕರೆದರು. ಕಾರು ಓಡಿಸಿದವನು ನಾನು. ನಡುಮನೆಯ ಮೂಲೆಯಲ್ಲಿ ಕೋಸಂಬರಿ ತಿನ್ನುತ್ತಾ ಕೂತಿದ್ದೆ.

ಆಕೆ ಮೇಡಂಗೆ ಕುಂಕುಮ ಇಟ್ಟು ತಟ್ಟೆ ಚಾಚಿದರು. ಎಲೆ ಅಡಿಕೆ, ಬಾಳೆಹಣ್ಣು, ಜೊತೆಗೆ ಕಂದು ಕಾಗದದ ಬೈಂಡ್ ಹಾಕಿದ ಒಂದು ಪುಸ್ತಕ.

"ನೀವು ಬ್ಲೌಸ್ ಪೀಸ್ ಹೊಲಿಸಂಗಿಲ್ಲ, ಅದಕ್ಕ ಪುಸ್ತಕ ಇಟ್ಟೀನ್ರಿ ಮೇಡಂ. ಕನ್ನಡ ಕಲಿಯಾಕ ಛಲೋ ಐತಿ. ನನಗೂ ಬಾಜೂ ಮನಿಯವರು ಕೊಟ್ಟಿದ್ದು."

ಮೇಡಂ ಮೊದಲ ಪುಟ ತೆರೆದರು. ನನ್ನನ್ನು ನೋಡಿದರು. ನಾನು ಕೋಸಂಬರಿ ನೋಡಿದೆ.

"ಖರೇ ಹೇಳ್ತೀನ್ರಿ, ಕೊಡಾಕ ಮನಸಿಲ್ಲ" ಅಂದರು ಆಕೆ. "ಆದ್ರ ಯಾರ ಮನಿ ಕೂಸು ಹರದೈತೋ, ಕಡೀ ಹಾಳಿನೂ ಇಲ್ಲ, ಬರದವರ ಹೆಸರಿದ್ದ ಹಾಳಿನೂ ಇಲ್ಲ, ರಟ್ಟೂ ಇಲ್ಲ. ಕತಿಯೊಳಗ ಆ ಅಕ್ಕ, ತಂಗಿ ಮನಿ ಮುಂದ ಬಂದು ನಿಂತಾಳ್ರಿ. ಬಾಗ್ಲಾ ಬಡದ್ಲೋ ಇಲ್ಲೋ? ಅದನ್ನ ನೆನಸ್ಕೊಂಡು ಒಂದು ದಿನ ಅನ್ನ ಸೀದ್ಹೋತು. ನಿಮಗ ಗೊತ್ತಾದ್ರ ಹೇಳ್ರಿ."

"ಬಡಿಯಲಿಲ್ಲ" ಅಂದರು ಮೇಡಂ. "ಬಾಗಿಲು ತೆರೆದೇ ಇತ್ತು."

ಆಕೆ ತೊಡೆ ತಟ್ಟಿದರು. "ಹಂಗs ಆಗಬೇಕಿತ್ತ ನೋಡ್ರಿ! ನೀವೂ ಓದೀರೇನು?"

"ನಾನೇ ಬರೆದದ್ದು."

ಆಕೆ ಪುಸ್ತಕ ನೋಡಿದರು, ಮೇಡಂನ ನೋಡಿದರು, ಥಟ್ಟನೆ ಪುಸ್ತಕ ಕಿತ್ತುಕೊಂಡರು. "ಹಂಗಾರ ಇದು ನಿಮಗ್ಯಾಕ್ರಿ? ನಾ ಇಟ್ಕೋತೀನಿ." ಒಳಗಿನಿಂದ ಒಂದು ಸ್ಟೀಲ್ ಬಟ್ಟಲು ತಂದು ತಟ್ಟೆಗಿಟ್ಟರು.

ಇನ್ನು ಅರಿಶಿನ ಕುಂಕುಮಕ್ಕೆ ಬಂದವರನ್ನು ಹಾಡದೆ ಬಿಡುವ ಪದ್ಧತಿ ಎಲ್ಲೂ ಇಲ್ಲ. "ದೇವಿ ಮುಂದ ಎಲ್ಲಾರೂ ಒಂದೊಂದು ಹಾಡ್ಯಾರ್ರಿ. ನಿಮಗೂ ಬಂದಂಗ ಒಂದು ಹಾಡ್ರಿ."

ಈಗ ಎದ್ದು ಹೋಗ್ತಾರೆ ಅಂದುಕೊಂಡೆ. ಇಲ್ಲ, ಮೇಡಂ ಸೆರಗಿಲ್ಲದಿದ್ದರೂ ದುಪಟ್ಟಾ ಸರಿಮಾಡಿಕೊಂಡು, ಕಣ್ಣು ಮುಚ್ಚಿ ಹಾಡಿದರು. ದೇಶದೇಶಗಳಲ್ಲಿ ಜನ ಟಿಕೆಟ್ ಕೊಂಡು ಕೇಳಿದ ಅದೇ ಹಾಡು. ನನಗಂತೂ ಚೆನ್ನಾಗಿಯೇ ಕೇಳಿಸಿತು.

ಆಕೆ ಗಲ್ಲಕ್ಕೆ ಕೈಯಿಟ್ಟು ಪೂರ್ತಿ ಕೇಳಿ, ಮೆಲ್ಲಗೆ ಅಂದರು, "ಹಾಡು ಪರವಾಗಿಲ್ರಿ. ಆದ್ರ ಮೇಡಂ, ಸಿಟ್ಟಾಗಬ್ಯಾಡ್ರಿ, ನೀವು ಬರಿಯೋದ್ರಾಗs ಇರ್ರಿ."

ಮೇಡಂ ಆಕೆಯನ್ನು ತಬ್ಬಿಕೊಂಡ ರಭಸಕ್ಕೆ ಕುಂಕುಮದ ಬಟ್ಟಲು ನನ್ನ ಬಿಳಿ ಪಂಚೆಯ ಮೇಲೆ ಬಂತು.

ಮರುದಿನ ಶಟರ್ ಎತ್ತುವಷ್ಟರಲ್ಲಿ ಮೇಡಂ ಆ ಸ್ಟೀಲ್ ಬಟ್ಟಲು ಹಿಡಿದು ನಿಂತಿದ್ದರು. ಆಕೆಯ ಮಾತು ಒಂದಕ್ಷರ ಬಿಡದೆ ಅದರ ಮೇಲೆ ಕೆತ್ತಬೇಕಂತೆ. ಕೆತ್ತಿದೆ. ಅಭ್ಯಾಸಬಲ, ಕೇಳಿದೆ, "ಕೆಳಗೆ ಯಾರಿಂದ ಅಂತ ಹಾಕ್ಲಿ?"

"ಓದುಗರಿಂದ ಅಂತ ಹಾಕಿ ಅಣ್ಣ. ಆಳವಾಗಿ ಕೆತ್ತಿ. ಇದನ್ನ ಯಾರ ಗೃಹಪ್ರವೇಶಕ್ಕೂ ಸಾಗಿಸಲ್ಲ."